ನೀರಿನ ಸೂಜಿಯೂ ಸತ್ಯವೂ



ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ನಮ್ಮ ಹಳ್ಳಿಗಳ ಹೆಂಗಸರಿಗೆ ಸೊಂಟವನ್ನು ನೆಟ್ಟಗೆ ಮಾಡುವದಕ್ಕೂ ಪುರಸತ್ತು ಇರುವದಿಲ್ಲ. ಬೆಳಗಿನ ಜಾವದಲ್ಲಿ ಹೊಲಕ್ಕಿಳಿದು ಬಗ್ಗಿ ಬಗ್ಗಿ ಎಲೆ ಮುರಿಯಬೇಕು. ಹೊರೆ ಹೊತ್ತು ತರಬೇಕು. ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ರಾತ್ರಿ ಮಲಗಿದರೆ ಮೈಯೆಲ್ಲಾ ಮುರಿದ ಹಾಗಿರುವದು. ಆಗ ಅವರು ಹುಡುಕಿಕೊಂಡು ಹೋಗುವದು ವೈದ್ಯರನ್ನಲ್ಲ, ಸೂಜಿಯನ್ನು. ಸೂಜಿ ಹಾಕದೆ ಬಾಯಿಮಾತಿನಲ್ಲಿ ಬುದ್ಧಿ ಹೇಳಿ ಕಳುಹಿಸುವ ವೈದ್ಯನು ಎಷ್ಟು ಓದಿದವನಾದಾಗ್ಯೂ ನಮ್ಮ ಜನರ ಎಣಿಕೆಯಲ್ಲಿ ಅರ್ಧ ವೈದ್ಯನೇ ಸರಿ.

ನಮ್ಮ ನೆರೆಯಲ್ಲಿ ಒಬ್ಬ ಅಜ್ಜಿ ಉಂಟು. ಆಕೆಗೆ ಎರಡೂ ಮಂಡಿಗಳಲ್ಲಿ ನೋವು. ವಾರಕ್ಕೊಮ್ಮೆ ಸಂತೆಗೆ ಹೋದಾಗ, ಅಲ್ಲಿ ಒಂದು ಚಿಕ್ಕ ಕೋಣೆಯಲ್ಲಿ ಕುಳಿತು ಔಷಧ ಕೊಡುವವನೊಬ್ಬನಿಂದ ಸೂಜಿ ಹಾಕಿಸಿಕೊಂಡು ಬರುವದು ಆಕೆಯ ವಾಡಿಕೆ. ಹೋಗುವಾಗ ಕೋಲೂರಿ ಕುಂಟುತ್ತಾ ಹೋಗುವಳು. ಬರುವಾಗ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವಳು. ಆ ಮನುಷ್ಯನಿಗೂ ನನಗೂ ಬಹು ದಿನಗಳ ಪರಿಚಯ. ಒಂದು ದಿನ ಅವನು ತಾನಾಗಿಯೇ ನನಗೆ ಹೇಳಿದ್ದೇನಂದರೆ, “ಮೇಷ್ಟ್ರೇ, ನಿಮ್ಮ ಅಜ್ಜಿಗೆ ನಾನು ಹಾಕುವ ಸೂಜಿಯಲ್ಲಿ ಏನೂ ಇಲ್ಲ. ಇದ್ದ ದಿನ ಕೆಂಪಗಿರುವ ಬಿ ಕಾಂಪ್ಲೆಕ್ಸು; ಅದು ಮುಗಿದ ದಿನ ಬರಿಯ ಶುದ್ಧ ನೀರು. ಆ ನೀರು ಚುಚ್ಚಿದರೆ ಉರಿ ಹೆಚ್ಚು. ಉರಿ ಹೆಚ್ಚಾದಷ್ಟು ಔಷಧ ಬಲವಾಗಿದೆಯೆಂದು ಆಕೆಗೆ ಸಂತೋಷ.”

“ಹಾಗಾದರೆ ಆಕೆಗೆ ಈ ಮಾತು ತಿಳಿಸಬೇಕಲ್ಲವೋ?” ಎಂದು ನಾನು ಕೇಳಿದೆನು.

“ತಿಳಿಸಿದರೆ ಆಕೆಯ ನೋವು ತಿರಿಗಿ ಬರುವದು. ಆ ಪಾಪವನ್ನು ಯಾರು ಹೊರುವರು? ನೀವು ಹೊರುವಿರಾ?” ಎಂದನು.

ನಾನು ಉತ್ತರ ಕೊಡಲಾರದೆ ಎದ್ದು ಬಂದೆನು. ಆ ಪ್ರಶ್ನೆಯು ಬಹು ದಿನ ನನ್ನನ್ನು ಬಿಡಲಿಲ್ಲ. ಸುಳ್ಳು ಹೇಳಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನೋವಿನಲ್ಲಿರುವವರ ನೋವನ್ನು ಹೆಚ್ಚಿಸಬಾರದೆಂದೂ ಕಲಿಸುತ್ತೇವೆ. ಇವೆರಡೂ ಒಂದೇ ಬಾಗಿಲಲ್ಲಿ ಎದುರೆದುರಾಗಿ ನಿಂತರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕು?

ಇಂಥ ಔಷಧವಿಲ್ಲದ ಔಷಧಕ್ಕೆ ವೈದ್ಯಶಾಸ್ತ್ರದಲ್ಲಿ ಪ್ಲಾಸೀಬೊ ಎಂದು ಹೆಸರು. ಅದು ಲತೀನ್ ಮಾತು. “ನಾನು ಮೆಚ್ಚಿಸುವೆನು” ಎಂದು ಅದರ ಅರ್ಥ. ಈ ಮಾತು ವೈದ್ಯರಿಗೆ ಬಂದದ್ದು ದೇವಾಲಯದಿಂದಲೇ ಎಂದರೆ ನಮ್ಮವರಿಗೆ ಆಶ್ಚರ್ಯವಾದೀತು. ನಮ್ಮ ಪುಸ್ತಕದಲ್ಲಿ 116ನೆಯದಾಗಿರುವ ಕೀರ್ತನೆಯ ಲತೀನ್ ಭಾಷಾಂತರದಲ್ಲಿ ಈ ಪದವು ಬರುತ್ತದೆ. ಹಿಂದಿನ ಕಾಲದ ಯೂರೋಪಿನಲ್ಲಿ ಸತ್ತವರಿಗೋಸ್ಕರ ಸಾಯಂಕಾಲ ಹಾಡುತ್ತಿದ್ದ ಆರಾಧನೆಯು ಇದರಿಂದ ಆರಂಭವಾಗುತ್ತಿತ್ತು. ಸತ್ತವನ ಗುರುತೇ ಇಲ್ಲದವರು ಕೂಡ ಊಟದ ಆಶೆಗೆ, ಹಣದ ಆಶೆಗೆ ಬಂದು ಇದನ್ನು ಹಾಡಿ ದುಃಖವನ್ನು ನಟಿಸುತ್ತಿದ್ದದರಿಂದ ಪೊಳ್ಳು ಉಪಚಾರಕ್ಕೆಲ್ಲಾ ಅದೇ ಹೆಸರಾಯಿತು. ನಮ್ಮಲ್ಲಿಯೂ ಕೂಲಿಗೆ ಅಳುವವರು ಇದ್ದರಷ್ಟೆ. 1772ರಲ್ಲಿ ಎಡಿನ್‌ಬರೋ ಪಟ್ಟಣದ ಕಲೆನ್ ಎಂಬ ವೈದ್ಯ ಪಂಡಿತನು, ರೋಗಿಗೆ ಗುಣವಾಗುವ ನಿರೀಕ್ಷೆಯಿಂದಲ್ಲ, ಅವನನ್ನು ಸಮಾಧಾನಪಡಿಸುವದಕ್ಕಾಗಿ ಕೊಡುವ ಔಷಧಕ್ಕೆ ತನ್ನ ಪಾಠಗಳಲ್ಲಿ ಈ ಹೆಸರನ್ನು ಬಳಸಿದನು.

ಕೆಲವು ವರುಷಗಳಾದ ಮೇಲೆ ಒಂದು ಸೊಗಸಾದ ಪರೀಕ್ಷೆ ನಡೆಯಿತು. ಅಮೆರಿಕದ ಪರ್ಕಿನ್ಸ್ ಎಂಬವನು ಎರಡು ಲೋಹದ ಕಡ್ಡಿಗಳಿಗೆ 1796ರಲ್ಲಿ ಹಕ್ಕುಪತ್ರವನ್ನು ಪಡೆದು, ಇವುಗಳನ್ನು ನೋವಿರುವ ಸ್ಥಳದ ಮೇಲೆ ಎಳೆದರೆ ನೋವು ಹೊರಟುಹೋಗುವದೆಂದು ಹೇಳಿ ಒಳ್ಳೇ ಬೆಲೆಗೆ ಮಾರುತ್ತಿದ್ದನು. ದೊಡ್ಡ ದೊಡ್ಡ ಮನೆತನದವರು ಕೊಂಡುಕೊಂಡರು. 1799ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹೇಗಾರ್ತ್ ಎಂಬ ವೈದ್ಯನು ಮರದ ಕಡ್ಡಿಗಳನ್ನು ಮಾಡಿಸಿ, ಅವು ಲೋಹದಂತೆ ಕಾಣುವ ಹಾಗೆ ಬಣ್ಣ ಬಳಿಸಿ, ಕೀಲುನೋವಿನ ಐದು ಮಂದಿ ರೋಗಿಗಳ ಮೇಲೆ ಎಳೆದನು. ನಾಲ್ವರು ತಮಗೆ ಹಿತವಾಯಿತೆಂದರು. ಮರುದಿನ ಪರ್ಕಿನ್ಸನ ನಿಜವಾದ ಕಡ್ಡಿಗಳನ್ನು ಎಳೆದಾಗಲೂ ಆದ ಫಲ ಅಷ್ಟೇ. ಕಡ್ಡಿಯಲ್ಲಿ ಏನೂ ಇರಲಿಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಆದರೆ ಆ ನಾಲ್ವರಿಗೆ ಹಿತವಾದದ್ದು ಯಾತರಿಂದ?

ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು, ಯಾಕಂದರೆ ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುವದು ನಮ್ಮ ವಾಡಿಕೆ. ಅನೇಕ ರೋಗಗಳು ತಾವಾಗಿಯೇ ಹೋಗುತ್ತವೆ. ನೆಗಡಿಗೆ ಏನು ಕುಡಿದರೂ ಒಂದು ವಾರ, ಕುಡಿಯದಿದ್ದರೂ ಒಂದು ವಾರ. ಕೆಟ್ಟ ನೀರಿನಿಂದ ಬರುವ ಕಾಮಾಲೆಯು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಸೊಪ್ಪಿನ ರಸವನ್ನು ಕುಡಿಸಿದ್ದರೆ ಕೀರ್ತಿಯೆಲ್ಲಾ ಆ ರಸಕ್ಕೆ ಸಲ್ಲುವದು. ಮಂಡಿನೋವಿನಂಥದ್ದು ಒಂದು ವಾರ ಏರುವದು, ಒಂದು ವಾರ ಇಳಿಯುವದು. ನಾವು ಸೂಜಿಯವನ ಹತ್ತಿರಕ್ಕೆ ಹೋಗುವದು ಅದು ಬಹಳ ಏರಿದಾಗಲೇ. ಏರಿದ್ದು ಹೇಗೂ ಇಳಿಯತಕ್ಕದ್ದೇ. ಇದಲ್ಲದೆ, ಇಷ್ಟು ಪ್ರಯಾಸಪಟ್ಟವನ ಮುಖ ನೋಡಿ “ಏನೂ ಗುಣವಿಲ್ಲ” ಎನ್ನಲಾರದೆ “ವಾಸಿ, ಸ್ವಾಮಿ” ಎಂದು ಬರುವ ದಾಕ್ಷಿಣ್ಯದವರೂ ನಮ್ಮಲ್ಲಿ ಬಹಳ.

ಇವುಗಳನ್ನೆಲ್ಲಾ ಕಳೆದ ಮೇಲೆಯೂ ಏನೋ ಸ್ವಲ್ಪ ಉಳಿಯುತ್ತದೆ. 1978ರಲ್ಲಿ ಅಮೆರಿಕದ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು, ಹಲ್ಲು ಕೀಳಿಸಿಕೊಂಡು ನೋವಿನಲ್ಲಿದ್ದವರಿಗೆ ಔಷಧವಿಲ್ಲದ ಸೂಜಿಯನ್ನು ಕೊಟ್ಟು ನೋಡಿದರು. ಕೆಲವರಿಗೆ ನೋವು ತಗ್ಗಿತು. ತರುವಾಯ ಅಫೀಮಿನ ಗುಣವನ್ನು ಮುರಿಯುವ ಒಂದು ಔಷಧವನ್ನು ಅವರಿಗೆ ಗೊತ್ತಾಗದಂತೆ ಕೊಟ್ಟಾಗ ಆ ಹಿತವು ಹೋಗಿ ನೋವು ತಿರಿಗಿ ಬಂತು. ಇದರ ಅರ್ಥವೇನಂದರೆ, ಗುಣವಾಗುವದೆಂದು ಎದುರುನೋಡುವ ಮನುಷ್ಯನ ದೇಹವು ಅಫೀಮನ್ನು ಹೋಲುವ ವಸ್ತುಗಳನ್ನು ತನ್ನೊಳಗೇ ಹುಟ್ಟಿಸಿಕೊಂಡು ನೋವನ್ನು ಅಡಗಿಸುತ್ತದೆ. ಆದಕಾರಣ ನಮ್ಮ ಅಜ್ಜಿಗೆ ಬರಿಯ ನೀರಿನಿಂದ ಹಿತವಾಯಿತೆಂದು ಕೇಳಿ, “ಹಾಗಾದರೆ ಆಕೆಗೆ ನೋವೇ ಇರಲಿಲ್ಲ, ಎಲ್ಲಾ ನಟನೆ” ಎಂದು ನಗುವವರು ಅನ್ಯಾಯ ಮಾಡುತ್ತಾರೆ. ನೋವೂ ನಿಜ, ಹಿತವೂ ನಿಜ. ಸುಳ್ಳಾಗಿರುವದು ಆ ಸೂಜಿಯ ಮಾತು ಮಾತ್ರ.

ಇಷ್ಟಾದ ಮೇಲೆ, ಹಿತ ನಿಜವಾದರೆ ಸುಳ್ಳಿನಿಂದ ಕೇಡೇನೆಂದು ಕೇಳಬಹುದು. ಮೋಸವೆಂದು ಒಪ್ಪಿಕೊಂಡೇ ಇದನ್ನು ಕ್ಷಮಿಸಿದ ದೊಡ್ಡವರು ಉಂಟು. ಅಮೆರಿಕದ ರಾಷ್ಟ್ರಾಧ್ಯಕ್ಷನಾಗಿದ್ದ ಜೆಫರ್‌ಸನ್ನನು 1807ರಲ್ಲಿ ಬರೆದ ಒಂದು ಪತ್ರದಲ್ಲಿ, ತಾನು ಬಲ್ಲ ಬಹು ಯಶಸ್ವಿಯಾದ ವೈದ್ಯನೊಬ್ಬನು ರೊಟ್ಟಿಯ ಗುಳಿಗೆ, ಬಣ್ಣದ ನೀರು, ಬೂದಿಯ ಪುಡಿ ಇವುಗಳನ್ನೇ ಬೇರೆಲ್ಲಾ ಔಷಧಗಳಿಗಿಂತ ಹೆಚ್ಚಾಗಿ ಕೊಡುತ್ತಿದ್ದನೆಂದು ತಿಳಿಸಿದ್ದಾನೆ. ಆ ಕಾಲದ ಔಷಧಗಳಲ್ಲಿ ಅನೇಕವು ಪಾದರಸದಂಥ ವಿಷವೇ ಆಗಿದ್ದದರಿಂದ ರೊಟ್ಟಿಯ ಗುಳಿಗೆಯೇ ಮೇಲಾಗಿತ್ತು ಎನ್ನುವದು ನ್ಯಾಯವಾದ ಮಾತು. ಆದರೆ ಆ ಕಾಲವು ಹೋಯಿತು.

2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ನಾನು ಈ ಎಲ್ಲಾದರಲ್ಲಿ ಮುಖ್ಯವಾದದ್ದೆಂದು ಎಣಿಸುತ್ತೇನೆ. ಉಬ್ಬಸದವರಿಗೆ ಬೇರೆ ಬೇರೆ ದಿನಗಳಲ್ಲಿ ಉಸಿರಿನ ಕೊಳವೆಯನ್ನು ತೆರೆಯುವ ನಿಜವಾದ ಔಷಧ, ಔಷಧವಿಲ್ಲದ ಪೊಳ್ಳು ಯಂತ್ರ, ಪೊಳ್ಳು ಸೂಜಿಚಿಕಿತ್ಸೆ ಇವುಗಳನ್ನು ಕೊಟ್ಟರು; ಒಂದು ದಿನ ಏನನ್ನೂ ಕೊಡದೆ ಕೂರಿಸಿದರು. ಹೇಗಿದೆಯೆಂದು ಕೇಳಿದಾಗ ನಿಜವಾದ ಔಷಧದಿಂದ ನೂರಕ್ಕೆ 50ರಷ್ಟು ಹಿತ, ಪೊಳ್ಳು ಯಂತ್ರದಿಂದ 45ರಷ್ಟು, ಪೊಳ್ಳು ಸೂಜಿಯಿಂದ 46ರಷ್ಟು, ಸುಮ್ಮನೆ ಕೂತಾಗ 21ರಷ್ಟು ಎಂಬದಾಗಿ ತಿಳಿಸಿದರು. ಇದನ್ನು ಮಾತ್ರ ನೋಡಿದರೆ ಪೊಳ್ಳಿಗೂ ಗಟ್ಟಿಗೂ ಭೇದವಿಲ್ಲ. ಆದರೆ ಅವರ ಉಸಿರಿನ ಬಲವನ್ನು ಯಂತ್ರದಿಂದ ಅಳೆದಾಗ ನಿಜವಾದ ಔಷಧದಿಂದ ಅದು ನೂರಕ್ಕೆ 20ರಷ್ಟು ಹೆಚ್ಚಿತ್ತು. ಉಳಿದ ಮೂರರಲ್ಲಿಯೂ ಸುಮಾರು 7ರಷ್ಟೇ. ಅಂದರೆ ರೋಗಿಯು “ನನಗೆ ವಾಸಿ” ಎಂದು ನಗುತ್ತಾ ಹೇಳುವ ಅದೇ ಗಳಿಗೆಯಲ್ಲಿ ಅವನ ಎದೆಯ ಬಾಗಿಲು ಮುಚ್ಚಿಯೇ ಇತ್ತು.

ಹಿತವೆನಿಸುವದು ಬೇರೆ, ಗುಣವಾಗುವದು ಬೇರೆ. ಮಂಡಿನೋವಿನಲ್ಲಿ ಇವೆರಡರ ಭೇದವು ಪ್ರಾಣವನ್ನು ತೆಗೆಯದು. ಬೇರೆ ಸ್ಥಳದಲ್ಲಿ ತೆಗೆಯುವದು. ಹೆಗ್ಗಡದೇವನ ಕೋಟೆಯ ಕಾಡಂಚಿನಲ್ಲಾಗಲಿ ಕೃಷ್ಣರಾಜನಗರದ ಗದ್ದೆ ಬದುಗಳಲ್ಲಾಗಲಿ ಒಬ್ಬನನ್ನು ಹಾವು ಕಡಿಯಿತೆಂದು ಎಣಿಸಿರಿ. ಕಡಿದದ್ದು ಕೇರೆಹಾವಾಗಿರಬಹುದು; ನಾಗರವೇ ಆದಾಗ್ಯೂ ವಿಷ ಬಿಡದೆ ಕಡಿದಿರಬಹುದು. ಆಗ ಮಂತ್ರ ಹಾಕಿದರೂ ಬದುಕುವನು, ಬೇರು ಅರೆದು ಹಚ್ಚಿದರೂ ಬದುಕುವನು. ಮಂತ್ರಗಾರನ ಹೆಸರು ಮೂರು ಊರಿಗೆ ಹಬ್ಬುವದು. ನಾಲ್ಕನೆಯವನನ್ನು ಕಟ್ಟುಹಾವೋ ಕೊಳಕುಮಂಡಲವೋ ನಿಜವಾಗಿ ಕಡಿದಿರುವಾಗ ಅದೇ ಹೆಸರನ್ನು ನಂಬಿ ಹೊತ್ತುಕೊಂಡು ಹೋಗುವರು. ಆಸ್ಪತ್ರೆಯಲ್ಲಿ ಪ್ರತಿವಿಷವನ್ನು ಕೊಡಬೇಕಾಗಿದ್ದ ಎರಡು ಗಂಟೆಗಳು ಅಲ್ಲಿ ಕಳೆದುಹೋಗುವವು. 2000ದಿಂದ 2019ರ ವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಜನರೆಂದು ಪಂಡಿತರು ಲೆಕ್ಕ ಹಾಕಿದ್ದಾರೆ. ಹೆಚ್ಚಿನವರು ನಮ್ಮಂಥ ಹಳ್ಳಿಯವರೇ. ಪ್ರತಿಯೊಂದು ಹಾವುಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡತಕ್ಕದ್ದೆಂದು ಕರ್ನಾಟಕ ಸರ್ಕಾರವು 2024ರಲ್ಲಿ ವಿಧಿಸಿತು. ಹುಚ್ಚುನಾಯಿಯ ಕಡಿತದ ಸಂಗತಿ ಇದಕ್ಕಿಂತ ಕಠಿಣ. ಕಡಿದ ನಾಯಿಗಳಲ್ಲಿ ಹೆಚ್ಚಿನವು ಹುಚ್ಚಿನವಲ್ಲವಾದದರಿಂದ ಎಲ್ಲಾ ನಾಟಿ ಔಷಧವೂ ಗೆದ್ದಂತೆ ತೋರುವದು. ಹುಚ್ಚಿನ ನಾಯಿಯೇ ಕಡಿದು ರೋಗದ ಲಕ್ಷಣಗಳು ಕಾಣಿಸಿಕೊಂಡರೆ ಅನಂತರ ಬದುಕಿದವರು ಇಲ್ಲವೆಂಬಷ್ಟು ಅಪರೂಪ. ಗಾಯವನ್ನು ಕೂಡಲೆ ಸಾಬೂನು ನೀರಿನಲ್ಲಿ ಕಾಲು ಗಂಟೆ ತೊಳೆದು ಲಸಿಕೆಯನ್ನು ಹಾಕಿಸುವದಕ್ಕೆ ಬದಲಾಗಿ ಇಲ್ಲಿ ಮತ್ತೊಂದಿಲ್ಲ.

ಕ್ಷಯರೋಗದವರ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವರಿಗೆ ಮಾತ್ರೆಗಳು ಸಾಮಾನ್ಯವಾಗಿ ಆರು ತಿಂಗಳು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ತಗ್ಗಿ, ಹಸಿವು ಹುಟ್ಟಿ, ಮೈ ತುಂಬಿಕೊಳ್ಳುವದು. ಆಗ ಯಾವನೋ ಒಬ್ಬನು ಬಂದು, “ನಿನಗೆ ಪೂರ್ಣ ಸ್ವಸ್ಥತೆಯಾಯಿತು, ಮಾತ್ರೆಯನ್ನು ಬಿಸಾಡು” ಎಂದರೆ ಬಿಸಾಡುವವರುಂಟು. ರೋಗವು ತಿರಿಗಿ ಬರುವಾಗ ಹಳೇ ಮಾತ್ರೆಗೆ ಬಗ್ಗದಂಥದ್ದಾಗಿ ಬರುವದು. ಮನೆಯ ಮಕ್ಕಳಿಗೂ ಅಂಟುವದು. ಹೀಗೆ ಹೇಳುವವರು ತಾಯತದವರೇ ಆಗಬೇಕೆಂದಿಲ್ಲ, ಸತ್ಯವೇದವನ್ನು ಕೈಯಲ್ಲಿ ಹಿಡಿದವರೂ ಆಗಿರಬಹುದೆಂದು ನಾವು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಇದನ್ನು ಓದಿ ಒಬ್ಬ ಯೌವನಸ್ಥನು, “ಹಾಗಾದರೆ ರೋಗಿಯ ಬಳಿಯಲ್ಲಿ ನಾವು ಮಾಡುವ ಪ್ರಾರ್ಥನೆಯೂ ನೀರಿನ ಸೂಜಿಯೋ?” ಎಂದು ಕೇಳುವನೆಂದು ಬಲ್ಲೆನು. ಪ್ರಾರ್ಥನೆಯನ್ನು ಮಾತ್ರೆಯಂತೆ ತೂಗಿ ನೋಡಿದವರು ಇದ್ದಾರೆ. 2006ರಲ್ಲಿ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ 1802 ರೋಗಿಗಳ ಪರೀಕ್ಷೆಯೊಂದು ಪ್ರಕಟವಾಯಿತು. ದೂರದವರು ಪ್ರಾರ್ಥಿಸಿದವರಿಗೂ ಪ್ರಾರ್ಥಿಸದವರಿಗೂ ಭೇದ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಂಡಿತವಾಗಿ ತಿಳಿದಿದ್ದವರಲ್ಲಿ ತೊಂದರೆಗಳು ಸ್ವಲ್ಪ ಹೆಚ್ಚಾಗಿಯೇ ಇದ್ದವು. ಇದನ್ನು ಮುಚ್ಚಿಡುವದರಿಂದ ನಮಗೆ ಮಾನವಿಲ್ಲ. ಆದರೆ ಭೇದವನ್ನು ನೋಡಿರಿ: ಪ್ರಾರ್ಥಿಸುವವನು ತಾನು ಏನು ಮಾಡುತ್ತಾನೆಂಬದನ್ನು ಮರೆಮಾಡುವದಿಲ್ಲ. ಕೇಳಿಕೊಳ್ಳುತ್ತೇನೆ ಎನ್ನುತ್ತಾನೆ, ಕೇಳಿಕೊಳ್ಳುತ್ತಾನೆ. ನೀರನ್ನು ತುಂಬಿ ಔಷಧವೆಂದು ಹೇಳುವವನ ಸಾಲಿನಲ್ಲಿ ಅವನು ನಿಲ್ಲುವದು, ಪ್ರಾರ್ಥನೆಯನ್ನು ಮಾತ್ರೆಯ ಬದಲಿಗೆ ಮಾರಲು ಹೊರಟ ದಿನವೇ ಹೊರತು ಮುಂಚೆಯಲ್ಲ.

ಇನ್ನು ಪೊಳ್ಳು ಔಷಧಕ್ಕೆ ಯೋಗ್ಯವಾದ ಸ್ಥಾನವೇ ಇಲ್ಲವೋ ಎಂದರೆ, ಉಂಟು. ಒಂದು ಔಷಧವು ನಿಜವೋ ಅಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಪೊಳ್ಳಿನ ಪಕ್ಕದಲ್ಲಿಟ್ಟು ನೋಡಬೇಕಾಗುವದು. ನಮ್ಮ ನೆರೆಯ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯ ಹಳ್ಳಿಗಳಲ್ಲಿ 1968ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನ ಸೇರಿದ್ದರು; ಕೆಲವರಿಗೆ ಕ್ಷಯಕ್ಕೆ ಕೊಡುವ ಬಿಸಿಜಿ ಲಸಿಕೆ, ಕೆಲವರಿಗೆ ಲಸಿಕೆಯಿಲ್ಲದ ದ್ರವ. ಆ ಲಸಿಕೆಯು ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ತಡೆಯುವದಿಲ್ಲವೆಂದು ಅಲ್ಲಿ ಗೊತ್ತಾಯಿತು. ಯಾರೂ ಎದುರುನೋಡದ ಈ ಕಹಿ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು ಆ ಬರಿಯ ದ್ರವವೇ. ಎಳೇ ಮಕ್ಕಳಿಗೆ ಮಿದುಳಿನ ಪೊರೆಯ ಕ್ಷಯ ಮುಂತಾದ ಕಠಿಣ ರೂಪಗಳಿಂದ ಕಾವಲಾಗಿರುವದರಿಂದ ಹುಟ್ಟಿದ ಕೂಸಿಗೆ ಇಂದಿಗೂ ಅದನ್ನು ಹಾಕುತ್ತಾರೆ, ಹಾಕಿಸಿರಿ. ಈಗಿನ ನಿಯಮದಂತೆ ಇಂಥ ಪರೀಕ್ಷೆಯಲ್ಲಿ ಸೇರುವವರಿಗೆ, “ನಿಮಗೆ ಬೀಳುವದು ಔಷಧವೂ ಆಗಿರಬಹುದು, ಬರಿದೂ ಆಗಿರಬಹುದು” ಎಂದು ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಅಲ್ಲಿ ಮರೆ ಉಂಟು, ಮೋಸವಿಲ್ಲ.

ಸಂತೆಯ ಕೋಣೆಯಲ್ಲಿ ಆ ಒಪ್ಪಿಗೆಯೇ ಇಲ್ಲ. ಅಲ್ಲಿಯ ಹಿತವು ಎಲ್ಲಿಂದ ಬರುತ್ತದೆಂದು ನಾನು ಯೋಚಿಸಿದೆನು. ಸೂಜಿಯಲ್ಲಿ ಔಷಧವಿದೆಯೆಂಬ ಅಜ್ಜಿಯ ನಂಬಿಕೆಯಿಂದ. ಆ ನಂಬಿಕೆಯನ್ನು ಆಕೆಯಲ್ಲಿ ಹುಟ್ಟಿಸಿದವರು ಯಾರು? ಜ್ವರಕ್ಕೆ ನಿಜವಾದ ಔಷಧವನ್ನು, ಹೆರಿಗೆಯಲ್ಲಿ ನಿಜವಾದ ಆರೈಕೆಯನ್ನು ಕೊಟ್ಟ ವೈದ್ಯರೂ ದಾದಿಯರೂ. 1906ರಲ್ಲಿ ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯು ತೆರೆದಂದಿನಿಂದ ಗಾಡಿ ಕಟ್ಟಿಕೊಂಡು ಹೋದ ನಮ್ಮ ಹಿರಿಯರು ಕಂಡು ಅರಿತು ಕೂಡಿಟ್ಟ ನಂಬಿಕೆ ಅದು. ನೀರನ್ನು ಮಾರುವವನು ಆ ಗಂಟಿನಿಂದ ಖರ್ಚು ಮಾಡುತ್ತಾನೆ. ಅದಕ್ಕೆ ಒಂದು ಕಾಸನ್ನೂ ಸೇರಿಸುವದಿಲ್ಲ. ಗುಟ್ಟು ಹೊರಬಿದ್ದ ದಿನ ಜನರು ಅವನೊಬ್ಬನನ್ನಲ್ಲ, ಮಗುವಿಗೆ ಲಸಿಕೆ ಹಾಕಲು ಬರುವ ದಾದಿಯನ್ನೂ ಸಂಶಯಪಡುವರು. ಇದಲ್ಲದೆ ಆ ಮನೆಯ ಮೊಮ್ಮಕ್ಕಳು ಪ್ರತಿ ನೋವಿಗೂ ಒಂದು ಸೂಜಿ ಎಂದು ಕಲಿಯುವರು. ಸರಿಯಾಗಿ ಶುದ್ಧಮಾಡದ ಸೂಜಿಯಿಂದ ಈರಲಿಯ ರೋಗವೂ ಏಡ್ಸ್ ರೋಗದ ವಿಷಾಣುವೂ ಒಬ್ಬರಿಂದ ಒಬ್ಬರಿಗೆ ಹೋಗುವವು. ನೀರು ನಿರ್ದೋಷವಾದರೂ ಮೊನೆಯು ನಿರ್ದೋಷವಲ್ಲ. ನೆಗಡಿಗೆ ರೋಗಿಯ ಒತ್ತಾಯಕ್ಕಾಗಿ ಆಂಟಿಬಯೋಟಿಕ್ ಮಾತ್ರೆಯನ್ನು ಬರೆದುಕೊಡುವ ಓದಿದ ವೈದ್ಯರೂ ಇದೇ ದೋಷದಲ್ಲಿ ಪಾಲುಗಾರರು. ಅದು ನೀರಿಗಿಂತ ಕೆಟ್ಟ ಪೊಳ್ಳು.

ಹಿತಕ್ಕೆ ಮೋಸವು ಅಗತ್ಯವೆಂಬ ಮಾತಾದರೂ ಸತ್ಯವೋ? 2010ರಲ್ಲಿ ಕಾಪ್ಚುಕ್ ಎಂಬವರೂ ಅವರ ಜೊತೆಯವರೂ ಹೊಟ್ಟೆಯ ದೀರ್ಘ ಸಂಕಟವುಳ್ಳ 80 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ, “ಇದರಲ್ಲಿ ಔಷಧವಿಲ್ಲ” ಎಂದು ಬಿಚ್ಚಿ ಹೇಳಿಯೇ ಪೊಳ್ಳು ಮಾತ್ರೆಯನ್ನು ಕೊಟ್ಟರು. ಮೂರು ವಾರಗಳಲ್ಲಿ ಅವರೊಳಗೆ ನೂರಕ್ಕೆ 59ರಷ್ಟು ಜನ ತಕ್ಕಷ್ಟು ಹಿತವಾಯಿತೆಂದರು, ಮಾತ್ರೆಯಿಲ್ಲದವರಲ್ಲಿ 35ರಷ್ಟು. ಇದು ಚಿಕ್ಕ ಪರೀಕ್ಷೆ. ಇದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಇಟಲಿಯ ತುರಿನ್ ಪಟ್ಟಣದ ಬೆನೆಡೆಟ್ಟಿ ಎಂಬವರ ಪರೀಕ್ಷೆಗಳು ಇದಕ್ಕಿಂತ ನನಗೆ ಮೆಚ್ಚಿಕೆ. ಶಸ್ತ್ರಚಿಕಿತ್ಸೆಯಾದವರಿಗೆ ನೋವಿನ ನಿಜವಾದ ಔಷಧವನ್ನೇ ಯಂತ್ರದ ಮೂಲಕ ತಿಳಿಯದಂತೆ ಕೊಟ್ಟಾಗ ಆದ ಹಿತಕ್ಕಿಂತ, ವೈದ್ಯನು ಹಾಸಿಗೆಯ ಪಕ್ಕದಲ್ಲಿ ನಿಂತು ತಿಳಿಸಿ ಕೊಟ್ಟಾಗ ಆದ ಹಿತವು ಹೆಚ್ಚು. ಒಬ್ಬರು ನಮ್ಮನ್ನು ನೋಡುತ್ತಾರೆ, ನಮ್ಮ ಮಾತು ಕೇಳುತ್ತಾರೆ ಎಂಬ ಅರಿವಿಗೇ ಬಲ ಉಂಟು. ಆ ಬಲಕ್ಕೆ ಸುಳ್ಳಿನ ಆಸರೆ ಬೇಕಿಲ್ಲ.

ಇಷ್ಟನ್ನೆಲ್ಲಾ ಓದಿ ಯೋಚಿಸಿದ ಮೇಲೆಯೂ ಅಜ್ಜಿಯ ಮುಂದೆ ಬಾಯಿಬಿಡುವದಕ್ಕೆ ನನಗೆ ಧೈರ್ಯ ಸಾಲದೆ ಹೋಯಿತು. ಮೊದಲು ಆ ಮನುಷ್ಯನಿಗೆ, “ನೀನೇ ಹೇಳು” ಎಂದೆನು. ಅವನು ಹೇಳಲಿಲ್ಲ. ಕಡೆಗೆ ಒಂದು ಸಾಯಂಕಾಲ ಆಕೆಯ ಮನೆಯ ಜಗಲಿಯ ಮೇಲೆ ಕುಳಿತು, ನೋವು ಸುಳ್ಳಲ್ಲವೆಂಬದನ್ನು ಮೊದಲು, ಸೂಜಿಯ ಸಂಗತಿಯನ್ನು ಆಮೇಲೆ ತಿಳಿಸಿದೆನು. ಆಕೆ ಎಲೆಯಡಿಕೆಯನ್ನು ಕುಟ್ಟುವದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನೀರಾದರೆ ನೀರೇ ಆಗಲಿ ಮೇಷ್ಟ್ರೇ,” ಅಂದಳು. “ನೀರಿಗೆ ಅವನು ವಾರವಾರ ನೂರು ರೂಪಾಯಿ ಯಾಕೆ ಇಸಕೊಂಡ?”

ಎರಡು ವಾರ ಆಕೆ ಸಂತೆಗೆ ಹೋಗಲಿಲ್ಲ. ನೋವು ಹೆಚ್ಚಿತೆಂದು ಮಗಳು ನನ್ನ ಮೇಲೆ ಮುನಿಸಿಕೊಂಡಳು. ಆ ಮುನಿಸು ನ್ಯಾಯವೆಂದೇ ನಾನು ಸುಮ್ಮನಿದ್ದೆನು. ಮೂರನೆಯ ವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಂಡಿಯ ಎಲುಬು ಸವೆದಿದೆ, ಅದನ್ನು ತಿರಿಗಿ ಬೆಳೆಸುವ ಸೂಜಿ ಇಲ್ಲ ಎಂದು ಅಲ್ಲಿಯವರು ಹೇಳಿ, ಮಣೆಯ ಮೇಲೆ ಕುಳಿತು ಕಾಲನ್ನು ನೀಡಿ ಬಿಗಿಹಿಡಿಯುವ ಅಭ್ಯಾಸವನ್ನು ಕಲಿಸಿ, ತಾಳಲಾರದ ದಿನಕ್ಕೆ ಮಾತ್ರವೆಂದು ಕೆಲವು ಮಾತ್ರೆಗಳನ್ನು ಕೊಟ್ಟರು. ಬರುವಾಗ ಆಕೆ ಕೋಲೂರಿಕೊಂಡೇ ಬಂದಳು. ಬಸ್ಸಿನಲ್ಲಿ ಬಹು ಹೊತ್ತು ಮಾತಿಲ್ಲದೆ ಇದ್ದು ಆಮೇಲೆ, “ಡಾಕ್ಟ್ರಮ್ಮ ಸೂಜಿ ಹಾಕಲಿಲ್ಲ. ಆದರೆ ಮಂಡಿಯನ್ನು ಎರಡು ಕೈಯಿಂದ ಹಿಡಿದು ನೋಡಿದರು. ಇಷ್ಟು ದಿನ ಒಬ್ಬರೂ ಹಿಡಿದು ನೋಡಿರಲಿಲ್ಲ,” ಅಂದಳು.